ಹಳ್ಳದ ನೀರಿನ ಎರಡು ಬಾಟಲಿಗಳು

ನನಗೆ ಮೊದಲು ಅನುಮಾನ ಬಂದದ್ದು ಹಾಲಿನ ಮೇಲೆ.

ಆಗ ನಾವು ಮದ್ದೂರಿನಲ್ಲಿ ಸಂಸಾರ ಹೂಡಿ ಎರಡು ವರ್ಷವಾಗಿತ್ತು. ನಮ್ಮವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರು, ನಾನು ಗರ್ಲ್ಸ್ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರು. ಎಮರ್ಜೆನ್ಸಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಮಾತಾಡುವ ಮುಂಚೆ ಒಮ್ಮೆ ಹಿಂತಿರುಗಿ ನೋಡುವ ಅಭ್ಯಾಸ ಜನಕ್ಕೆ ಇನ್ನೂ ಬಿಟ್ಟಿರಲಿಲ್ಲ. ನನಗಂತೂ ಆ ಗುಣ ಮೊದಲಿನಿಂದಲೂ ಇತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಸಿಸ್ಟರ್ ಪ್ರತಿ ಬಾಟಲಿಯನ್ನೂ ಮೂಸಿ ನೋಡಿ, "ಲೇಬಲ್ ನಂಬಬೇಡ ಚೈಲ್ಡ್, ಮೂಗನ್ನು ನಂಬು" ಅನ್ನುತ್ತಿದ್ದರು. ಅವರ ಮಾತನ್ನು ನಾನು ಸ್ವಲ್ಪ ಜಾಸ್ತಿಯೇ ಪಾಲಿಸಿದೆ.

ಒಂದು ವಾರದಿಂದ ಕಾಯಿಸಿದ ಹಾಲಿಗೆ ನೆನೆದ ಹುಲ್ಲು ಕೊಳೆತಂಥ ವಾಸನೆ. ಹಾಲು ತರುತ್ತಿದ್ದವಳು ಮಳವಳ್ಳಿ ರಸ್ತೆಯ ಕಡೆಯ ಒಂದು ಹಳ್ಳಿಯ ಗೌಡತಿ. ನನಗಿಂತ ಹತ್ತು ವರ್ಷ ದೊಡ್ಡವಳು. ದಿನಾ ಮೊದಲನೇ ಬಸ್ಸಿಗೆ ಕ್ಯಾನು ಹಿಡಿದು ಬರುತ್ತಿದ್ದಳು. ಒಂದು ಬೆಳಿಗ್ಗೆ ಕೇಳಿಯೇಬಿಟ್ಟೆ: "ಗೌಡತಿ, ನಿಜ ಹೇಳು. ಹಾಲಿಗೆ ನೀರು ಹಾಕ್ತಿದೀಯೇನಮ್ಮಾ?"

ಅವಳು ಕ್ಯಾನನ್ನು ದಡಕ್ಕನೆ ಕೆಳಗಿಟ್ಟಳು.

"ನೀರ್ ಆಕಾಕೆ ನೀರೆಲ್ಲದೆ ಟೀಚರಮ್ಮ? ನಮ್ಮ್ ಬಾವಿ ನೀರ ನಮ್ಮೆಮ್ಮೇನೇ ಮೂಸ್ಬುಟ್ಟು ಮಕ ತಿರುಗಿಸ್ತದೆ. ಅದ ನಿಮ್ಗೆ ಆಕಿದ್ರೆ ನೀವು ಮಾರ್ನೆ ದಿನ ಇಸ್ಕೂಲ್ಗೆ ಓಯ್ತಿದ್ರಾ? ಬನ್ನಿ, ಬಂದು ಕಣ್ಣಾರೆ ನೋಡಿ, ಆಮೇಕೆ ಮಾತಾಡಿ."

ಸವಾಲು ಹಾಕಿದರೆ ನಾನು ಬಿಡುವವಳಲ್ಲ. ಆ ಭಾನುವಾರವೇ ಅವಳ ಊರಿಗೆ ಹೋದೆ.

ಬಸ್ಸಿಳಿದು ಒಂದು ಮೈಲಿ ನಡೆದರೆ ಊರು. ಊರಿನ ಪಕ್ಕದಲ್ಲಿ ಶಿಂಷಾ ನದಿಗೆ ಸೇರುವ ಒಂದು ಹಳ್ಳ, ಹಳ್ಳದ ದಂಡೆಯ ಮೇಲೆ ಬಾವಿ. ಇಡೀ ಊರಿಗೆ ಅದೊಂದೇ ಸೀನೀರು. ಬೇರೆಲ್ಲಿ ತೋಡಿದರೂ ಸಪ್ಪೆ, ಇಲ್ಲವೇ ಉಪ್ಪು. ಹಳ್ಳದ ನೀರು ಡಿಕಾಕ್ಷನ್ ಬಣ್ಣಕ್ಕಿತ್ತು. ಅದರಲ್ಲಿ ಬೆಳ್ಳನೆಯ ನಾರಿನ ಎಳೆಗಳು ತೇಲುತ್ತಿದ್ದವು. ಮೇಲುಗಡೆ ಎರಡು ಫರ್ಲಾಂಗು ದೂರದಲ್ಲಿ ಹುಲ್ಲು, ಕಬ್ಬಿನ ಸಿಪ್ಪೆ ಬೇಯಿಸಿ ರಟ್ಟು ಮಾಡುವ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಗೌಡತಿ ಬಾವಿಯಿಂದ ಒಂದು ಬಿಂದಿಗೆ ಸೇದಿ ತೋರಿಸಿದಳು. ನೀರು ಆಗಲೇ ತೆಳು ಟೀ ಬಣ್ಣಕ್ಕೆ ತಿರುಗಿತ್ತು. ಹಾಲಿನ ಕ್ಯಾನು ತೊಳೆಯುವುದೂ ಇದೇ ನೀರಿನಲ್ಲಿ, ವಾಸನೆ ಎಲ್ಲಿಂದ ಬಂತೆಂದು ತಿಳಿಯಿತು.

"ಈ ಬಾವಿ ನೋಡಿ ನಮ್ಮಪ್ಪ ನನ್ನ ಈ ಊರ್ಗೆ ಕೊಟ್ಟಿದ್ದು ಕಣಮ್ಮ. ಗಂಡ್ನ ಸರ್ಯಾಗ್ ನೋಡ್ಲೇ ಇಲ್ಲ, ಮೂದೇವಿ. ನೀರ್ ಕುಡ್ದ, ಮೀಸೆ ಒರೆಸ್ಕಂಡ, ಆಯ್ತು ಅಂದ. ಈಗ ಇದೂ ಓದ್ರೆ ನನಗೇನ್ ಉಳೀತು?"

ನಕ್ಕೆ. ಅವಳು ನಗಲಿಲ್ಲ.

ನೀರಿನ ಕಾನೂನು ಆಗ ಹೊಸದು. ಬೆಂಗಳೂರಿನಲ್ಲಿ ಅದಕ್ಕಾಗಿ ಒಂದು ಬೋರ್ಡು ಆಗಿತ್ತು. ಕಾರ್ಖಾನೆ ಹೊರಗೆ ಬಿಡುವ ನೀರಿನಲ್ಲಿ ನಾರು, ಸುಣ್ಣ, ಗಸಿ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಬೋರ್ಡು ಮಿತಿ ಹಾಕಿದೆ, ಇವರು ಅದನ್ನು ಮೀರುತ್ತಿದ್ದಾರೆ, ಒಂದು ಅರ್ಜಿ ಹಾಕಿದರೆ ಸಾಕು ಅಂದುಕೊಂಡೆ. ನನ್ನ ಅಜ್ಞಾನ ಬಿಡಿಸಿದವರು ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಸಾಬರು. ಗೌಡತಿಯ ಊರಿನ ಪಂಪುಗಳೆಲ್ಲ ಅವರ ಕೈಗೇ ಬರುತ್ತಿದ್ದವು. ಕಾರ್ಖಾನೆಯ ಪಂಪುಗಳೂ ಅವರ ಹತ್ತಿರವೇ ಬರುತ್ತಿದ್ದವು. ಅದನ್ನೂ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಬಿಚ್ಚಿದ ಒಂದು ಪಂಪನ್ನು ಅವರು ನನ್ನ ಮುಂದೆ ಹಿಡಿದರು. ಒಳಗಿನ ಚಕ್ರಕ್ಕೆ ನಾರು ಹೆಣೆದುಕೊಂಡಿತ್ತು.

"ನೋಡಿ ಮೇಡಂ, ಜಡೆ ಹಾಕ್ದಂಗೆ ಸುತ್ಕೊಂಡಿದೆ. ಇನ್ಮೇಲೆ ಇದಕ್ಕೆ ಕುಚ್ಚೂ ಕಟ್ಬೇಕಾಗತ್ತೆ. ಮಿತಿ ಡಬಲ್ ಮಾಡಿ ಅಂತ ಅರ್ಜಿ ಹಾಕಿದಾರೆ ಕಾರ್ಖಾನೆಯವರು."

"ಯಾರಿಗೂ ಗೊತ್ತೇ ಇಲ್ಲವಲ್ಲ!"

"ನೋಟೀಸು ಹಾಕಿದಾರೆ. ಎಲ್ಲಿ? ತಾಲ್ಲೂಕಾಫೀಸಲ್ಲಿ, ಬಾಗಿಲ ಹಿಂದುಗಡೆ ಗೋಡೆ ಮೇಲೆ. ಬಾಗಿಲು ತೆಗೆದ್ರೆ ನೋಟೀಸು ಮುಚ್ಚೋಗತ್ತೆ. ಬಾಗಿಲು ಮುಚ್ಚಿದಾಗ ಆಫೀಸೇ ಮುಚ್ಚಿರತ್ತೆ."

ಹೋಗಿ ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು, ಶಾಸಕರ ಒಂದು ಸಮಿತಿ ಮದ್ದೂರಿನ ಟಿ.ಬಿ.ಯಲ್ಲಿ, ಅಂದರೆ ಪ್ರವಾಸಿ ಬಂಗಲೆಯಲ್ಲಿ, ಕೂತು ಅಹವಾಲು ಕೇಳುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಗುಮಾಸ್ತರ ಮಗಳು ನನ್ನ ಕ್ಲಾಸಿನವಳು. ಆ ದಾಕ್ಷಿಣ್ಯಕ್ಕೆ ಅವರು ಫೈಲನ್ನೂ ತೋರಿಸಿದರು. ಅದರಲ್ಲಿ ನಮ್ಮ ಕಡೆಯ ಶಾಸಕರ ಶಿಫಾರಸು ಪತ್ರವಿತ್ತು. ಓದುತ್ತಾ ಓದುತ್ತಾ ನನ್ನ ಹುಬ್ಬು ಮೇಲೇರಿತು. "ಇನ್ ಆಸ್ ಮಚ್ ಆಸ್ ದಿ ಸೆಡ್ ಎಫ್ಲುಯೆಂಟ್..." ಅಂತ ಶುರುವಾಗುವ ಒಂದು ಪ್ಯಾರಾ! ನಮ್ಮ ಸ್ಕೂಲ್ ಡೇಗೆ ಬಂದಾಗ ಈ ಶಾಸಕರು ಒಂದೂವರೆ ಗಂಟೆ ಸೊಗಸಾಗಿ ಕನ್ನಡದಲ್ಲಿ ಮಾತಾಡಿದ್ದರು. ಅವರ ಬಾಯಿಂದ ಬಂದ ಇಂಗ್ಲಿಷು "ವೆರಿ ಗುಡ್" ಒಂದೇ. ಇನ್ನೆರಡು ಹಾಳೆ ತಿರುವಿದರೆ ಕಾರ್ಖಾನೆಯ ಮನವಿ. ಅಲ್ಲೂ ಅದೇ ಪ್ಯಾರಾ, ಒಂದು ಕಾಮಾ ಕೂಡ ಹೆಚ್ಚುಕಡಿಮೆ ಇಲ್ಲ. ಪಕ್ಕಪಕ್ಕ ಕೂತ ಇಬ್ಬರು ಹುಡುಗಿಯರ ಉತ್ತರ ಒಂದೇ ಥರ ಇದ್ದರೆ ಯಾರು ಯಾರದ್ದು ನೋಡಿ ಬರೆದರು ಎಂದು ಟೀಚರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮನೆಯ ಜಗಲಿಯ ಮೇಲೆ ಕೂತು ಆಕ್ಷೇಪಣೆ ಬರೆದೆವು. ಗೌಡತಿಯ ಊರಿನವರು, ಕೆಳಗಿನ ಎರಡು ಊರಿನವರು ಬಂದರು. ಹೆಬ್ಬೆಟ್ಟು ಒತ್ತಿದರು, ಸಹಿ ಹಾಕಿದರು. ಶಿವಪುರದ ಕಡೆಯ ಒಬ್ಬ ಮುದುಕರು, "ಬಿಳಿ ದೊರೆಗೋಳ್ ಕಾಲ್ದಲ್ಲೇ ಎದ್ರಲಿಲ್ಲ ನಾವು, ಇವನ್ಯಾವ ಸೀಮೆ ರಟ್ಟಿನವ್ನು?" ಅಂದರು. ಅಂದವರು ಹೆಬ್ಬೆಟ್ಟು ಒತ್ತುವ ಮುಂಚೆ, "ಈ ಕಾಗ್ದ ಯಾರ್ ಕೈಗ್ ಓಯ್ತದೆ?" ಅಂತ ಮೂರು ಸಲ ಕೇಳಿದರು. ಅವರ ಇಬ್ಬರು ಮೊಮ್ಮಕ್ಕಳಿಗೆ ಆ ಕಾರ್ಖಾನೆಯಲ್ಲೇ ಕೆಲಸ.

ಬೋರ್ಡಿನವರು ಹಳ್ಳ ನೋಡಲು ಬರುವ ದಿನ ಅದೇ ಗುಮಾಸ್ತರಿಂದ ನಮಗೆ ತಿಳಿಯಿತು. ಗೌಡತಿ, ಸಾಬರು, ನಾನು, ನಮ್ಮವರು, ಇಷ್ಟು ಜನಕ್ಕೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಆ ಬೆಳಿಗ್ಗೆ ಹೋಗಿ ನೋಡುತ್ತೇವೆ, ಹಳ್ಳದಲ್ಲಿ ಮೊಣಕಾಲುದ್ದ ತಿಳಿನೀರು! ಎಲ್ಲೋ ನಾಲೆಯ ತೂಬು ತೆಗೆದು ಹಳ್ಳಕ್ಕೆ ನೀರು ಬಿಟ್ಟಿದ್ದರು. ಕರಿ ನೀರೆಲ್ಲ ಅದರಲ್ಲಿ ಕರಗಿ ತೊಳೆದು ಹೋಗಿತ್ತು. ಬೋರ್ಡಿನವರು ತಂಪು ಕನ್ನಡಕ ಹಾಕಿಕೊಂಡು ದಂಡೆಯ ಮೇಲೆ ನಿಂತು, "ನೈಸ್ ಸ್ಪಾಟ್" ಅಂದು ಹೋದರು.

"ನಾಟಿ ಒಣಗ್ತಿದ್ದಾಗ ಕಾಲಿಗ್ ಬಿದ್ರೂ ಬರ್ದಿದ್ ನೀರು, ಇವತ್ತು ಕರೀದೆ ಬಂದದೆ ನೋಡಿ" ಅಂದಳು ಗೌಡತಿ. "ಯಾರೋ ನಮ್ಮೋರೇ ಬಾಯ್ಬುಟ್ಟವ್ರೆ ಕಣಮ್ಮ."

ಅಂದವಳು ಸಾಬರ ಕಡೆ ನೋಡಿದಳು. ಸಾಬರು ನನ್ನ ಕಡೆ ನೋಡಿದರು. ನಾನು ನೀರಿನ ಕಡೆ ನೋಡಿದೆ. ತೂಬಿನ ಬೀಗದ ಕೈ ನೀರುಗಂಟಿಯ ಹತ್ತಿರ ಇರುತ್ತದೆ. ನೀರುಗಂಟಿಗೆ ಆರ್ಡರು ಹೋಗುವುದು ನಮ್ಮವರ ಆಫೀಸಿನಿಂದ.

ಮನೆಗೆ ಬಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತೇನೋ. ಅದರ ಬದಲು ಅವರ ಶರ್ಟನ್ನು ಒಗೆಯಲು ಹಾಕುವಾಗ ಜೇಬು ನೋಡತೊಡಗಿದೆ. ಯಾರ ಜೀಪು ಅವರನ್ನು ಗೇಟಿನ ಹತ್ತಿರ ಇಳಿಸುತ್ತದೆ ಎಂದು ಕಿಟಕಿ ಪರದೆ ಸರಿಸಿ ನೋಡಿದೆ. ಒಮ್ಮೆ ಕಾರ್ಖಾನೆಯ ಜೀಪು ಇಳಿಸಿತು. "ಕೊತ್ತತ್ತಿ ಕಡೆ ಸೈಟ್‌ಗೆ ಹೋಗಿದ್ದೆ, ಸಿಕ್ಕಿದರು, ಹತ್ತಿಸಿಕೊಂಡರು" ಅಂದರು. ಇರಬಹುದು. ಮೇ ಬಿ. ಆದರೆ ಆ ದಿನ ನಮ್ಮವರು ಹಬ್ಬಕ್ಕೆ ಕೊಳ್ಳುವವರಂತೆ ಕೈಚೀಲದಲ್ಲಿ ಸೇಬು ತಂದಿದ್ದರು. ನಾನು ಒಂದನ್ನೂ ತಿನ್ನಲಿಲ್ಲ.

ಬೋರ್ಡಿನವರ ಕಣ್ಣು ನಂಬುವ ಬದಲು ನಾವೇ ನೀರು ಹಿಡಿದು ಕಳಿಸೋಣ ಎಂದು ತೀರ್ಮಾನಿಸಿದೆ. ಸ್ಕೂಲ್ ಲ್ಯಾಬಿನಿಂದ ಗಾಜಿನ ಬಿರಡೆ ಇರುವ ಎರಡು ಬಾಟಲಿ ತಂದು ಗೌಡತಿಗೆ ಕೊಟ್ಟೆ. ನಾಲೆ ನೀರು ನಿಂತು ಹಳ್ಳ ಮತ್ತೆ ಕಪ್ಪಾದ ದಿನ ಬೆಳಗಿನ ಜಾವವೇ ತುಂಬಿಸಿ ತರಬೇಕು ಎಂದು ಹೇಳಿ, ನನ್ನ ಕ್ಲಾಸ್ ರೂಮಿನ ಗತ್ತಿನಲ್ಲಿ ಪಾಠ ಮಾಡಿದೆ: "ಇದು ಬೆಂಗಳೂರಿನ ದೊಡ್ಡ ಆಫೀಸರುಗಳ ಮುಂದೆ ಹೋಗುವ ನೀರು. ಬಾಟಲಿ ಸ್ವಚ್ಛವಾಗಿರಬೇಕು. ಒಳಗೆ ಒಂದು ಕಸಕಡ್ಡಿಯೂ ಇರಕೂಡದು. ತಿಳೀತಾ?"

"ಅಯ್ಯೋ, ಅಷ್ಟೂ ಗೊತ್ತಾಗಾಕಿಲ್ವಾ ನಂಗೆ?" ಅಂದಳು.

ಅವಳು ತಂದ ಬಾಟಲಿಗಳಲ್ಲಿ ನೀರು ಕಂದು ಬಣ್ಣಕ್ಕಿತ್ತು. ನನಗೆ ತೃಪ್ತಿಯಾಯಿತು. ಬಿರಡೆಗೆ ಅರಗು ಹಾಕಿ ಸೀಲ್ ಮಾಡಿದೆ. ನಮ್ಮವರು ತಾವಾಗಿಯೇ, "ನಾಳೆ ಬೆಂಗಳೂರಿಗೆ ಹೋಗ್ತಿದೀನಲ್ಲ, ಕೊಡು, ನಾನೇ ಬೋರ್ಡಿನ ಲ್ಯಾಬಿಗೆ ತಲುಪಿಸ್ತೀನಿ" ಅಂದರು. ಎಂದೂ ಇಲ್ಲದ ಉತ್ಸಾಹ. ಕೊಟ್ಟೆ. ಕೊಟ್ಟ ಮೇಲೆ ಬಸ್ಸು ನಿಡಘಟ್ಟ ದಾಟಿತೋ ಇಲ್ಲವೋ, ಯಾಕೆ ಕೊಟ್ಟೆ ಎಂದು ಒದ್ದಾಡತೊಡಗಿದೆ.

ಅಹವಾಲಿನ ದಿನ ಟಿ.ಬಿ.ಯ ಹಾಲ್ ತುಂಬಿತ್ತು. ಮೇಜಿನ ಹಿಂದೆ ಬೇರೆ ಜಿಲ್ಲೆಗಳ ಮೂವರು ಶಾಸಕರು, ನಡುವೆ ನರೆತ ಕೂದಲಿನ ಅಧ್ಯಕ್ಷರು. ನಮ್ಮ ಶಾಸಕರು ಸಮಿತಿಯಲ್ಲಿರಲಿಲ್ಲ, ಆದರೂ ಒಂದು ಕುರ್ಚಿ ಹಾಕಿಸಿಕೊಂಡು ಮೇಜಿನ ಪಕ್ಕದಲ್ಲೇ ಕೂತಿದ್ದರು. ಮೇಜಿನ ಮೇಲಿದ್ದ ಬಿಸ್ಕತ್ತು, ಗೋಡಂಬಿ ಕಾರ್ಖಾನೆಯ ಗೆಸ್ಟ್ ಹೌಸಿನಿಂದ ಬಂದದ್ದು. ತಟ್ಟೆ ಹಿಡಿದು ಓಡಾಡುತ್ತಿದ್ದವನನ್ನು ಸಾಬರು ಗುರುತಿಸಿದರು.

ಕಾರ್ಖಾನೆಯ ಅಧಿಕಾರಿ ಎದ್ದು ಒಂದು ಕಾಗದ ಬಿಚ್ಚಿದ. ಬೋರ್ಡಿನ ಲ್ಯಾಬಿನ ವರದಿ. "ದಿ ಆಬ್ಜೆಕ್ಟರ್ಸ್ ಓನ್ ಸ್ಯಾಂಪಲ್, ಸರ್" ಎಂದು ಒತ್ತಿ ಹೇಳಿ ಓದಿದ. ನಾವು ಕಳಿಸಿದ ಎರಡೂ ಬಾಟಲಿಗಳಲ್ಲಿ ನಾರು, ಗಸಿ ಈಗಿರುವ ಮಿತಿಯ ಒಳಗೇ ಇದ್ದವು. ತುಂಬ ಒಳಗೆ.

ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನಮ್ಮಾ, ನೀವೇ ಕಳಿಸಿದ ನೀರು ಇದು. ಇಷ್ಟು ಚೆನ್ನಾಗಿದೆಯಲ್ಲ? ಮಿತಿ ಸಡಿಲಿಸಿದರೂ ನಿಮಗೇನು ಕಷ್ಟ?"

ನಮ್ಮ ಶಾಸಕರು ಎಲ್ಲರಿಗೂ ಕೇಳುವ ಹಾಗೆ, "ಟೀಚರಮ್ಮ ತಾವ್ ಇಟ್ಟ ಪರೀಕ್ಷೇಲಿ ತಾವೇ ಡುಮ್ಕಿ ಒಡುದ್ರು ಕಣ್ರಪ್ಪೋ!" ಅಂದರು. ಹಾಲ್ ನಕ್ಕಿತು. ನಮ್ಮ ಕಡೆಯವರೂ ಕೆಲವರು ನಕ್ಕರು. ಅಧ್ಯಕ್ಷರು ನಾಳೆ ಬೆಳಿಗ್ಗೆ ಕೊನೆಯ ಬಾರಿ ಕೂತು ಮುಗಿಸುತ್ತೇವೆ ಎಂದರು. ಗೌಡತಿ ನನ್ನ ಮುಖ ನೋಡದೆ ಬಸ್ಸಿಗೆ ಹೋದಳು.

ಸಂಜೆ ನಮ್ಮವರು ಶೂ ಬಿಚ್ಚುವುದಕ್ಕೂ ಬಿಡಲಿಲ್ಲ ನಾನು.

"ಬಾಟಲಿ ಎಲ್ಲಿ ಬದಲಾಯಿಸಿದಿರಿ? ಮದ್ದೂರಿನಲ್ಲೋ, ಬೆಂಗಳೂರಿನಲ್ಲೋ?"

ಅವರು ಒಂದು ಶೂ ಕೈಯಲ್ಲಿ ಹಿಡಿದು ತಲೆ ಎತ್ತಿದರು. "ಏನಂದೆ?"

"ಕಾರ್ಖಾನೆ ಜೀಪು, ಸೇಬು, ತೂಬಿನ ನೀರು. ನಾನು ಕುರುಡಿ ಅಂದುಕೊಂಡಿರಾ? ಐ ಆಮ್ ನಾಟ್ ಎ ಫೂಲ್."

"ಸೇಬು ಮಂಡ್ಯದ ಸಂತೇಲಿ ಕೊಂಡದ್ದು" ಅಂದರು ಮೆಲ್ಲಗೆ. "ಬಾಟಲಿ ನಾನು ಮುಟ್ಟಿಲ್ಲ ಕಣೆ. ನಿನ್ನ ಅರಗು ಹಾಗೇ ಇತ್ತು, ಲ್ಯಾಬಿನವರ ಕೈಗೇ ಕೊಟ್ಟೆ. ಆದರೆ ತೂಬು..." ಶೂ ಕೆಳಗಿಟ್ಟರು. "ತೂಬು ತೆಗೆಸಿದ್ದು ನಾನೇ. ಶಾಸಕರ ಫೋನು ಬಂತು, ಕೊನೇ ಭಾಗದ ರೈತರಿಗೆ ನೀರಿಲ್ಲ, ಹಳ್ಳಕ್ಕೆ ಬಿಡಿ ಅಂತ. ಬಿಟ್ಟೆ. ಯಾವ ದಿನ ಅಂತ ಯೋಚನೆ ಮಾಡಲಿಲ್ಲ. ಮಾಡಬಾರದು ಅಂತಲೇ ಮಾಡಲಿಲ್ಲವೇನೋ."

ಒಂದು ವಿಷಯದಲ್ಲಿ ನನ್ನ ಅನುಮಾನ ಸರಿಯಾಗಿತ್ತು. ಅದರಿಂದ ಒಂದಿಷ್ಟೂ ಸಮಾಧಾನವಾಗಲಿಲ್ಲ. ಇನ್ನೊಂದರಲ್ಲಿ ಅವರ ಮಾತನ್ನು ನಂಬಲೂ ಇಲ್ಲ. ಇಬ್ಬರೂ ಊಟ ಬಿಟ್ಟೆವು.

ಮರುದಿನ ಗೌಡತಿ ಹಾಲು ತಂದಾಗ ಅವಳನ್ನೂ ಬಿಡಲಿಲ್ಲ. "ನೀನು ನೀರನ್ನು ನಿಜವಾಗಿ ಹಳ್ಳದಿಂದಲೇ ಹಿಡಿದೆಯಾ? ದೇವರ ಮೇಲೆ ಆಣೆ ಹಾಕು."

"ಇನ್ನೆಲ್ಲಿಂದ ಇಡೀಲಿ? ಅಳ್ಳುಕ್ಕೇ ಇಳ್ದು, ಬಿಂದ್ಗೇಲಿ ಮೊಗ್ದು, ಸೋಸಿ, ಸೀಸ್ಗೆ ಉಯ್ದೆ."

"ಸೋಸಿ?"

"ಹೂಂ ಮತ್ತೆ. ಎಲ್ಡು ಮಡಿಕೆ ಬಟ್ಟೇಲಿ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕಮ್ಮ? ದೊಡ್ಡೋರ್ ಮುಂದ್ಕೆ ಓಗೋ ನೀರು ಅಂದ್ರಿ. ಕಸಕಡ್ಡಿ ಇರ್ಕೂಡ್ದು ಅಂದ್ರಿ. ಮನೆಗ್ ಬಂದ ದಾಸಯ್ಯಂಗೂ ಸೋಸ್ದೆ ನೀರ್ ಕೊಟ್ಟೋಳಲ್ಲ ನಾನು. ಆಪೀಸರ್ಗೆ ಅಂಗೇ ಗಲೀಜು ಕೊಡಾಕಾದದಾ?"

ನಾನು ಬಾಗಿಲ ಮೆಟ್ಟಿಲ ಮೇಲೆ ಕೂತೆ. ನೀರಿನ ಬಣ್ಣ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ನಾರು ನಿಲ್ಲುತ್ತದೆ. ಲ್ಯಾಬಿನವರು ಅಳೆದದ್ದು ನಾರನ್ನು. ನಮ್ಮ ಕಡೆ ಯಾವ ಹೆಂಗಸೂ ಸೆರಗಿನಲ್ಲೋ ಬಟ್ಟೆಯಲ್ಲೋ ಸೋಸದೆ ಇನ್ನೊಬ್ಬರಿಗೆ ನೀರು ಕೊಡುವುದಿಲ್ಲ. ನನ್ನ ತಾಯಿಯೂ ಕೊಡುತ್ತಿರಲಿಲ್ಲ. ಇದನ್ನು ಯೋಚಿಸಬೇಕಾಗಿದ್ದವಳು ಸೈನ್ಸ್ ಟೀಚರು. ಅವಳು ಅಷ್ಟು ದಿನ ಗಂಡನ ಜೇಬು ತಡಕುತ್ತಿದ್ದಳು.

"ಆ ಬಟ್ಟೆ ಏನು ಮಾಡಿದೆ?"

"ಏನ್ ಮಾಡ್ಲಿ? ತೊಳೆದ್ರೂ ಬುಡ್ಲಿಲ್ಲ. ಬೇಲಿ ಮ್ಯಾಲ್ ಆಕಿದ್ದೆ, ಬಿಸ್ಲಿಗೆ ಸೆಟೆದು ಅಪ್ಪಳ ಆಗದೆ. ಒಳ್ಳೇ ಬಟ್ಟೆ ಆಳಾಯ್ತು."

"ಈಗಲೇ ತಾ."

ಸಾಬರು ತಮ್ಮ ಮೋಟಾರ್ ಸೈಕಲ್ ತೆಗೆದುಕೊಂಡು ಅವಳ ಊರಿಗೆ ಹೋಗಿ ಬಂದರು. ಹಿಂದಿನ ದಿನದಿಂದ ನಾನು ಅವರನ್ನೂ ಅನುಮಾನದ ಪಟ್ಟಿಯಲ್ಲಿ ಸೇರಿಸಿದ್ದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಟಿ.ಬಿ.ಯಲ್ಲಿ ಅಧ್ಯಕ್ಷರು ಫೈಲು ಕಟ್ಟುತ್ತಿದ್ದರು. ಗೌಡತಿ ಯಾರನ್ನೂ ಕೇಳದೆ ನೇರವಾಗಿ ಹೋಗಿ ಬಟ್ಟೆಯನ್ನು ಗೋಡಂಬಿ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಅದು ಬಟ್ಟೆಯ ಹಾಗೆ ಮಡಚಿಕೊಳ್ಳಲಿಲ್ಲ, ತಟ್ಟನೆ ಸದ್ದು ಮಾಡಿತು. ಒಂದು ಮಗ್ಗುಲಿಗೆ ಬೂದು ಬಣ್ಣದ ರಟ್ಟು ದಪ್ಪಗೆ ಕೂತಿತ್ತು.

"ಎಲ್ಡು ಸೀಸೆ ನೀರ್ಗೆ ಇಷ್ಟು ಬಂದದೆ ಬುದ್ಧಿ. ಸೋಸಿದ್ದು ನನ್ ತಪ್ಪು. ಅವರ್ ಕಾರ್ಕಾನೇಲಿ ಮಾಡೋ ರಟ್ಟ ನಮ್ ಅಳ್ಳುದಲ್ಲೂ ಮಾಡ್ತಾವ್ರೆ. ಕೂಲಿ ಮಾತ್ರ ಕೊಡ್ತಿಲ್ಲ."

ಈ ಸಲ ಹಾಲ್ ನಕ್ಕದ್ದು ಬೇರೆ ಕಡೆಗೆ. ಕಾರ್ಖಾನೆಯ ಅಧಿಕಾರಿ ಇದು ಎವಿಡೆನ್ಸ್ ಅಲ್ಲ ಅಂದ. ಅಧ್ಯಕ್ಷರು ಬಟ್ಟೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿ, "ಹಾಗಾದರೆ ಹೋಗಿ ನೋಡೋಣ. ಈಗಲೇ" ಅಂದರು. ನಮ್ಮ ಶಾಸಕರು ಕುರ್ಚಿಯಿಂದ ಎದ್ದು ಫೋನಿದ್ದ ಕೋಣೆಗೆ ಹೋದರು. ಜೀಪುಗಳು ಹೊರಡುವಷ್ಟರಲ್ಲಿ, ದಾರಿಯಲ್ಲಿ ಎಳನೀರು ಕುಡಿಯುವಷ್ಟರಲ್ಲಿ ತೂಬು ತೆಗೆದರೆ ಮುಗಿಯಿತು.

ನಾವು ಹೋದಾಗ ಹಳ್ಳ ಕರ್ರಗೆ ಹರಿಯುತ್ತಿತ್ತು. ಒಂದು ಲೋಟ ತಿಳಿನೀರೂ ಸೇರಿರಲಿಲ್ಲ. ಅಧ್ಯಕ್ಷರು ಮೂಗಿಗೆ ಕರ್ಚೀಫು ಹಿಡಿದು ತಮ್ಮ ಕಣ್ಣೆದುರೇ ಬಾಟಲಿ ತುಂಬಿಸಿದರು. ಗೌಡತಿ ಕೈ ಕಟ್ಟಿಕೊಂಡು ದೂರ ನಿಂತಳು, ಮುಟ್ಟಲಿಲ್ಲ.

ಮನೆಗೆ ಬಂದರೆ ನಮ್ಮವರು ಬನಿಯನ್ ಹಾಕಿಕೊಂಡು ಜಗಲಿಯ ಮೇಲೆ ಪೇಪರು ಓದುತ್ತಿದ್ದರು.

"ಆಫೀಸಿಗೆ ಹೋಗಲಿಲ್ಲವಾ?"

"ಕ್ಯಾಷುಯಲ್ ಲೀವ್ ಹಾಕಿದೀನಿ. ಹೊಟ್ಟೆನೋವು." ಪೇಪರು ಕೆಳಗಿಳಿಸಲಿಲ್ಲ. "ನಾನಿಲ್ಲದೆ ತೂಬಿನ ಆರ್ಡರಿಗೆ ಸಹಿ ಹಾಕುವವರು ಯಾರೂ ಇಲ್ಲ. ಫೋನ್ ಬಂದಿತ್ತಂತೆ, ಪ್ಯೂನ್ ಬಂದು ಹೇಳಿದ."

ನಾನು ಒಳಗೆ ಹೋಗಿ ಕಾಫಿ ಮಾಡಿದೆ. ಸಾರಿ ಅನ್ನಬೇಕಿತ್ತು. ಕಾನ್ವೆಂಟಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳಿ ಅಭ್ಯಾಸವಿದ್ದ ಆ ಮಾತು ಅವತ್ತು ಬಾಯಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಅದಾದ ಮೇಲೆ ಅವರು ಎಲ್ಲಿಗೆ ಹೋದರೂ ಯಾರ ಜೀಪಿನಲ್ಲಿ ಬಂದೆ ಎಂದು ಒಳಗೆ ಕಾಲಿಡುವ ಮುಂಚೆಯೇ ತಾವಾಗಿ ಹೇಳಿಬಿಡುತ್ತಿದ್ದರು. ಮೂವತ್ತು ವರ್ಷ ಹೇಳಿದರು. ಅದನ್ನು ಕೇಳುವುದೇ ನನಗೆ ಶಿಕ್ಷೆಯಾಗಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಬೆಂಗಳೂರಿನಿಂದ ಕಾಗದ ಬಂತು. ಮಿತಿಯನ್ನು ಸಡಿಲಿಸಲು ಸದ್ಯಕ್ಕೆ ಕಾರಣ ಕಾಣುವುದಿಲ್ಲ, ಈಗಿನ ಮಿತಿಯೇ ಮುಂದುವರಿಯುತ್ತದೆ ಎಂದಿತ್ತು. ಆ "ಸದ್ಯಕ್ಕೆ" ಅನ್ನುವುದನ್ನು ನಾನು ಎರಡು ಸಲ ಓದಿದೆ. ಗೌಡತಿ ಹಾಲು ಅಳೆದು ಕೊಟ್ಟು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

"ಅಂಗಾರೆ ಬಾವಿ ನೀರ್ ಕುಡೀಬೋದಾ ಟೀಚರಮ್ಮ?"

ಹೌದು ಅನ್ನುವುದಕ್ಕೆ ಬಾಯಿ ತೆರೆದೆ. ಮಿತಿ ಎಂಬುದು ಕಾಗದದ ಮೇಲಿನ ಒಂದು ಅಂಕಿ. ಹಿಂದೆಯೂ ಅದು ಅಲ್ಲೇ ಇತ್ತು, ಬಾವಿ ಕೆಟ್ಟದ್ದು ಅದು ಇರುವಾಗಲೇ.

"ಬೇಡಮ್ಮಾ" ಅಂದೆ. "ಇನ್ನೊಂದಷ್ಟು ದಿನ ಬೇಡ. ಅವರು ಏನು ಬಿಡ್ತಾರೆ ನೋಡೋಣ."

"ನಂಗೂ ನಂಬ್ಕೆ ಇಲ್ಲ ಬುಡಿ" ಅಂದಳು, ಏನೂ ಬೇಸರವಿಲ್ಲದೆ. "ಅಲ್ಲೀಗಂಟ ಏನ್ ಕುಡ್ಯಾದು?"

ನಮ್ಮವರು ಒಳಗಿನಿಂದ ಬಂದು ಅವಳ ಖಾಲಿ ಕ್ಯಾನು ತೆಗೆದುಕೊಂಡು ಹಿತ್ತಿಲಿಗೆ ಹೋದರು. ನಲ್ಲಿಯ ಕೆಳಗೆ ಅದನ್ನು ಮೂರು ಸಲ ತೊಳೆದು, ತುಂಬಿಸಿ, ಮುಚ್ಚಳ ಬಿಗಿದು ತಂದು ಕೊಟ್ಟರು. ಗೌಡತಿ ಮುಚ್ಚಳ ತೆಗೆದಳು, ಒಮ್ಮೆ ಮೂಸಿದಳು, ಮತ್ತೆ ಮುಚ್ಚಿ ತಲೆಯ ಸಿಂಬೆಯ ಮೇಲೆ ಇಟ್ಟುಕೊಂಡು ಬಸ್ಸಿಗೆ ಹೊರಟಳು.